ಆಕ್ಸಿಜನ್ ಸೆನ್ಸರ್ ಬದಲಿಸಿದರೂ ಪಿಕಪ್ ತಡವರಿಸುತ್ತಿದೆ: 1.8 ಟರ್ಬೊ ಪೆಟ್ರೋಲ್, ರೀಮ್ಯಾಪ್ ಆದ ಗಾಡಿ

ತೀರ್ಥಹಳ್ಳಿ_ಟರ್ಬೊ

ಎಲ್ಲರಿಗೂ ನಮಸ್ಕಾರ. ನನ್ನದು 1.8 ಲೀಟರ್ ಟರ್ಬೊ ಪೆಟ್ರೋಲ್ ಸೆಡಾನ್, ಮ್ಯಾನ್ಯುವಲ್ ಗೇರ್. ಹಿಂದಿನ ಮಾಲೀಕರೇ ಸ್ಟೇಜ್ 1 ರೀಮ್ಯಾಪ್ (ಇಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸಿ ಶಕ್ತಿ ಹೆಚ್ಚಿಸುವುದು) ಮಾಡಿಸಿದ್ದರು. ಆಮೇಲೆ ನಾನು ಕೋನ್ ಫಿಲ್ಟರ್, ಗಾಳಿಯನ್ನು ಹೊರಕ್ಕೆ ಬಿಡುವ ಬ್ಲೋ-ಆಫ್ ವಾಲ್ವ್ ಮತ್ತು ಅಗಲವಾದ ಡೌನ್‌ಪೈಪ್ (ಟರ್ಬೊದಿಂದ ಹೊಗೆ ಒಯ್ಯುವ ಪೈಪ್) ಹಾಕಿಸಿದೆ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇದೆ, ತೆಗೆಸಿಲ್ಲ.

ಡೌನ್‌ಪೈಪ್ ಹಾಕಿದ ಮೇಲೆ ತೊಂದರೆ ಶುರುವಾಯಿತು. ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ ತಿರುವಿನಲ್ಲಿ ಎರಡನೇ ಗೇರಿಗೆ ಇಳಿಸಿ ಆಕ್ಸಿಲರೇಟರ್ ಒತ್ತಿದರೆ ಗಾಡಿ ಒಂದು ಕ್ಷಣ ಏನೂ ಮಾಡುವುದಿಲ್ಲ, ಆಮೇಲೆ ಜಗ್ಗಿದಂತೆ ಮುಂದೆ ಹೋಗುತ್ತದೆ. ಹಿಂದೆ ಲಾರಿ ಇದ್ದಾಗ ಆ ಒಂದು ಕ್ಷಣ ನಿಜಕ್ಕೂ ಭಯವಾಗುತ್ತದೆ. ಚೆಕ್ ಇಂಜಿನ್ ದೀಪ ಹೊತ್ತಿದೆ. ಕೋಡ್‌ಗಳು ಪಿ0171 (ಮಿಶ್ರಣ ಲೀನ್, ಅಂದರೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ) ಮತ್ತು ಪಿ2195 (ಮುಂದಿನ ಆಕ್ಸಿಜನ್ ಸೆನ್ಸರ್ ಸದಾ ಲೀನ್ ಎನ್ನುತ್ತಿದೆ). ಗ್ಯಾರೇಜಿನವರು ಸೆನ್ಸರ್ ಹೋಗಿದೆ ಎಂದು ಕನ್ವರ್ಟರಿಗಿಂತ ಮೊದಲಿರುವ ಮುಂದಿನ ಆಕ್ಸಿಜನ್ ಸೆನ್ಸರ್ ಬದಲಿಸಿದರು. ಕೆಲವೇ ದಿನಗಳಲ್ಲಿ ಅದೇ ದೀಪ, ಅದೇ ಕೋಡ್. ಈಗ ಇಸಿಯು ಬದಲಿಸಬೇಕು ಎನ್ನುತ್ತಿದ್ದಾರೆ.

ನನ್ನ ಓಬಿಡಿ ಸ್ಕ್ಯಾನರಿನಲ್ಲಿ ಕಂಡದ್ದು: ಐಡ್ಲಿಂಗ್‌ನಲ್ಲಿ ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್ (ಇಸಿಯು ಕಲಿತು ಮಾಡಿಕೊಂಡ ಇಂಧನ ತಿದ್ದುಪಡಿ, ಶೇಕಡಾದಲ್ಲಿ) +22, 2,500 ಆರ್‌ಪಿಎಂನಲ್ಲಿ +5. ಕನ್ವರ್ಟರ್ ಆಚೆಗಿರುವ ಹಿಂದಿನ ಸೆನ್ಸರ್ 0.7 ವೋಲ್ಟ್ ಸುತ್ತಮುತ್ತ ಸ್ಥಿರವಾಗಿದೆ. ಇಸಿಯುಗೆ ಹಣ ಸುರಿಯುವ ಮೊದಲು ಏನು ನೋಡಬೇಕು, ದಯವಿಟ್ಟು ಹೇಳಿ.

ಮಲ್ಲೇಶ್ವರಂ_ಹ್ಯಾಚ್

ಇದು ಇ20 (ಶೇ 20 ಎಥೆನಾಲ್ ಬೆರೆತ) ಪೆಟ್ರೋಲಿನ ಕೆಲಸ ಸರ್. ನಿಮ್ಮ ರೀಮ್ಯಾಪ್ ಹಳೆಯ ಪೆಟ್ರೋಲಿಗೆ ಬರೆದದ್ದು. ಎಥೆನಾಲ್ ಹೆಚ್ಚಾದರೆ ಮಿಶ್ರಣ ಲೀನ್ ಆಗುತ್ತದೆ, ಪಿ0171 ಬರುತ್ತದೆ. ಟ್ಯೂನ್ ಮಾಡಿದವರ ಬಳಿ ಹೋಗಿ ಹೊಸ ಮ್ಯಾಪ್ ಹಾಕಿಸಿ.

ಹುಬ್ಬಳ್ಳಿ_ಪಾನಾ

ಇಸಿಯು ಮುಟ್ಟಬೇಡಿ. ಹೊಸ ಮ್ಯಾಪ್ ಕೂಡ ಈಗ ಬೇಡ. ನೀವು ಕೊಟ್ಟ ಮೂರು ಅಂಕಿಗಳಲ್ಲೇ ಅರ್ಧ ಉತ್ತರವಿದೆ.

ಇ20 ವಿಷಯ ಮೊದಲು ಮುಗಿಸೋಣ. ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ಅದರ ತೂಕದ 14.7 ಪಟ್ಟು ಗಾಳಿ ಬೇಕು. ಇ10ಕ್ಕೆ ಸುಮಾರು 14.1, ಇ20ಕ್ಕೆ ಸುಮಾರು 13.5. ಹಾಗಾಗಿ ಇ10ರಿಂದ ಇ20ಕ್ಕೆ ಬಂದಾಗ ಇಸಿಯು ಶೇ 4ರ ಆಸುಪಾಸು ಹೆಚ್ಚು ಇಂಧನ ಕೊಡಬೇಕಾಗುತ್ತದೆ. ಅದು ಐಡ್ಲಿಂಗ್‌ನಲ್ಲೂ 2,500ರಲ್ಲೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಕಾಣಬೇಕು. ನಿಮ್ಮಲ್ಲಿ ಐಡ್ಲಿಂಗ್‌ನಲ್ಲಿ 22, ಮೇಲೆ 5. ಪೆಟ್ರೋಲಿಗೆ ಆರ್‌ಪಿಎಂ ನೋಡಿ ಗುಣ ಬದಲಿಸಲು ಬರುವುದಿಲ್ಲ.

ಐಡ್ಲಿಂಗ್‌ನಲ್ಲಿ ಜಾಸ್ತಿ, ರೇಸ್ ಮಾಡಿದರೆ ಕಡಿಮೆ: ಇದು ಎಲ್ಲೋ ಗಾಳಿ ಸೋರುತ್ತಿರುವ ಲಕ್ಷಣ. ಇಂಜಿನ್ ಸ್ವಲ್ಪವೇ ಗಾಳಿ ಎಳೆಯುವಾಗ ಸಣ್ಣ ಸೋರಿಕೆಯೂ ದೊಡ್ಡ ಪಾಲಾಗುತ್ತದೆ, ಹೆಚ್ಚು ಎಳೆಯುವಾಗ ಅದೇ ಸೋರಿಕೆ ಲೆಕ್ಕಕ್ಕೆ ಬರುವುದಿಲ್ಲ. ಪೆಟ್ರೋಲ್ ಪಂಪ್ ಸೋತಿದ್ದರೆ ಇದರ ಉಲ್ಟಾ ಆಗುತ್ತಿತ್ತು, ಲೋಡ್ ಏರಿದಂತೆ ಟ್ರಿಮ್ ಏರುತ್ತಿತ್ತು.

ಸೋರಿಕೆ ಎರಡು ಕಡೆ ಇರಬಹುದು. ಒಂದು, ಇನ್‌ಟೇಕ್ ಬದಿ: ಥ್ರಾಟಲ್ ಆಚೆಗಿನ ಪೈಪುಗಳು, ಮುಖ್ಯವಾಗಿ ಪಿಸಿವಿ ವಾಲ್ವ್ (ಇಂಜಿನ್ ತಳದ ಆವಿಯನ್ನು ಇನ್‌ಟೇಕಿಗೆ ವಾಪಸ್ ಕಳಿಸುವುದು) ಮತ್ತು ಅದರ ಹೋಸ್. ಅಲ್ಲಿಂದ ನುಗ್ಗುವ ಗಾಳಿಯನ್ನು ಎಂಎಎಫ್ (ಒಳಗೆ ಬರುವ ಗಾಳಿ ಅಳೆಯುವ) ಸೆನ್ಸರ್ ಅಳೆದಿರುವುದಿಲ್ಲ. ಎರಡು, ಟರ್ಬೊ ಮತ್ತು ಮುಂದಿನ ಆಕ್ಸಿಜನ್ ಸೆನ್ಸರ್ ನಡುವಿನ ಎಕ್ಸಾಸ್ಟ್ ಜಾಯಿಂಟ್. ಹೊಗೆ ಹೊರಗೆ ಬರುವ ಜಾಗದಲ್ಲಿ ಗಾಳಿ ಒಳಗೆ ಹೇಗೆ ಹೋಗುತ್ತದೆ ಎಂದು ಅನೇಕರು ಒಪ್ಪುವುದಿಲ್ಲ. ಎಕ್ಸಾಸ್ಟ್ ಒಂದೇ ಸಮ ಹರಿಯುವುದಿಲ್ಲ, ಬಡಿತ ಬಡಿತವಾಗಿ ಬರುತ್ತದೆ. ಐಡ್ಲಿಂಗ್‌ನಲ್ಲಿ ಎರಡು ಬಡಿತಗಳ ನಡುವೆ ಪೈಪಿನೊಳಗಿನ ಒತ್ತಡ ಹೊರಗಿನದಕ್ಕಿಂತ ಕೆಳಗಿಳಿದು ಆ ಬಿರುಕಿನಿಂದ ಗಾಳಿ ಎಳೆದುಕೊಳ್ಳುತ್ತದೆ. ಸೆನ್ಸರಿಗೆ ಆಮ್ಲಜನಕ ಕಾಣುತ್ತದೆ, ಲೀನ್ ಎನ್ನುತ್ತದೆ. ಇಸಿಯು ಅದನ್ನು ನಂಬಿ ಇಂಧನ ಸುರಿಯುತ್ತದೆ. ಸಿಲಿಂಡರಿನಲ್ಲಿ ಮೊದಲೇ ಸರಿಯಾಗಿದ್ದ ಮಿಶ್ರಣ ಈಗ ರಿಚ್ (ಪೆಟ್ರೋಲ್ ಹೆಚ್ಚು) ಆಗುತ್ತದೆ. ಹೀಗೆ ಕಡಿಮೆ ಆರ್‌ಪಿಎಂನಲ್ಲಿ ಕಲಿತ ತಪ್ಪು ತಿದ್ದುಪಡಿ ಇಟ್ಟುಕೊಂಡೇ ನೀವು ತಿರುವಿನಲ್ಲಿ ಆಕ್ಸಿಲರೇಟರ್ ಒತ್ತುತ್ತೀರಿ, ಇಂಜಿನ್ ಉಸಿರು ಕಟ್ಟುತ್ತದೆ. ತೊಂದರೆ ಡೌನ್‌ಪೈಪ್ ನಂತರ ಬಂದಿದೆ ಎಂದು ನೀವೇ ಬರೆದಿದ್ದೀರಿ, ಆದ್ದರಿಂದ ನನ್ನ ಅನುಮಾನ ಇದರ ಮೇಲೆಯೇ.

ಎರಡರಲ್ಲಿ ಯಾವುದು ಎಂದು ಸ್ಪಾರ್ಕ್ ಪ್ಲಗ್ ಹೇಳುತ್ತದೆ. ಸ್ವಲ್ಪ ಹೊತ್ತು ಐಡ್ಲಿಂಗ್‌ನಲ್ಲಿ ಬಿಟ್ಟು, ಇಂಜಿನ್ ತಣ್ಣಗಾದ ಮೇಲೆ ನಾಲ್ಕೂ ಪ್ಲಗ್ ಬಿಚ್ಚಿ ನೋಡಿ. ಇನ್‌ಟೇಕ್ ಸೋರಿಕೆಯಾದರೆ ಇಸಿಯು ತಿದ್ದಿದ ಮೇಲೆ ಪ್ಲಗ್ ಬಣ್ಣ ಮಾಮೂಲಾಗಿಯೇ ಇರುತ್ತದೆ. ಎಕ್ಸಾಸ್ಟ್ ಸೋರಿಕೆಯಾದರೆ ನಾಲ್ಕೂ ಒಂದೇ ಸಮ ಮಸಿ ಹಿಡಿದಿರುತ್ತವೆ.

ಆಮೇಲೆ ಜಾಗ ಹುಡುಕಿ. ಸ್ಮೋಕ್ ಮಷೀನ್ ಇರುವ ಗ್ಯಾರೇಜ್ ಸಿಕ್ಕರೆ ಉತ್ತಮ. ಇಲ್ಲದಿದ್ದರೆ, ಪೂರ್ತಿ ತಣ್ಣಗಾದ ಗಾಡಿಯ ಸೈಲೆನ್ಸರ್ ಬಾಯಿಗೆ ಬ್ಲೋವರ್‌ನಿಂದ ಮೆಲ್ಲಗೆ ಗಾಳಿ ಕೊಟ್ಟು ಜಾಯಿಂಟುಗಳಿಗೆ ಸೋಪಿನ ನೀರು ಹಚ್ಚಿ. ಗುಳ್ಳೆ ಎದ್ದ ಜಾಗವೇ ಸೋರಿಕೆ. ಬಿಸಿ ಟರ್ಬೊ ಹತ್ತಿರ ಕಾರ್ಬ್ ಕ್ಲೀನರ್ ಸಿಂಪಡಿಸಿ ಪರೀಕ್ಷೆ ಮಾಡುವವರಿದ್ದಾರೆ. ಬೆಂಕಿ ಹತ್ತುತ್ತದೆ, ಯಾರಿಗೂ ಮಾಡಲು ಬಿಡಬೇಡಿ.

ಇನ್ನೊಂದು ಮಾತು. ಹಳೆಯ ಸೆನ್ಸರೂ ಹೊಸ ಸೆನ್ಸರೂ ಒಂದೇ ವರದಿ ಕೊಟ್ಟಿವೆ. ಎರಡು ಬೇರೆ ಬೇರೆ ಸೆನ್ಸರ್‌ಗಳು ಆಮ್ಲಜನಕ ಇದೆ ಎಂದರೆ ಅಲ್ಲಿ ಆಮ್ಲಜನಕ ಇದೆ. ಅದು ಎಲ್ಲಿಂದ ಬಂತು ಎಂದು ಕೇಳದೆ ಇನ್ನೊಂದು ಸಾಮಾನು ಮಾರಲು ಹೊರಟಿರುವುದು ನನಗೆ ಸಿಟ್ಟು ತರಿಸುತ್ತದೆ. ಹಳೆಯ ಸೆನ್ಸರ್ ಎಸೆಯದೆ ಇಟ್ಟುಕೊಳ್ಳಿ.

ಕೆಎ19_ಲಾಗರ್

ಉತ್ತಮ ವಿವರಣೆ ಸರ್, ಆದರೆ ಒಂದು ಅನುಮಾನ. ಹಿಂದಿನ ಸೆನ್ಸರ್ 0.7 ವೋಲ್ಟ್ ತೋರಿಸುತ್ತಿದೆ ಎಂದರೆ ಮಿಶ್ರಣ ಸರಿಯಾಗಿದೆ ಎಂದಲ್ಲವೇ? ಎಕ್ಸಾಸ್ಟ್ ಸೋರಿಕೆಯಿಂದ ರಿಚ್ ಆಗಿದ್ದರೆ ಅದು 0.85ರ ಮೇಲೆ ನಿಲ್ಲಬೇಕಿತ್ತು. ಜೊತೆಗೆ, ಡೌನ್‌ಪೈಪ್ ಕೂರಿಸುವಾಗ ಸಾಮಾನ್ಯ ಸಿಲಿಕೋನ್ ಸೀಲೆಂಟ್ ಹಚ್ಚಿದ್ದರೆ ಅದರ ಆವಿ ಸೆನ್ಸರ್ ತುದಿಯಲ್ಲಿ ಬಿಳಿ ಪದರವಾಗಿ ಕೂರುತ್ತದೆ. ಅದನ್ನೂ ನೋಡಲಿ.

ಹುಬ್ಬಳ್ಳಿ_ಪಾನಾ

ಒಳ್ಳೆಯ ಪ್ರಶ್ನೆ. ಸೋರಿಕೆ ಮುಂದಿನ ಸೆನ್ಸರಿಗಿಂತಲೂ ಮೊದಲಿದೆ. ಅಲ್ಲಿ ಸೇರಿದ ಗಾಳಿ ಎರಡೂ ಸೆನ್ಸರ್‌ಗಳನ್ನು ದಾಟಿ ಹೋಗುತ್ತದೆ. ಮುಂದಿನ ಸೆನ್ಸರಿನ ಬಳಿ ಲೆಕ್ಕ ಸರಿಹೋಗುವವರೆಗೆ ಇಸಿಯು ಇಂಧನ ಹೆಚ್ಚಿಸುತ್ತದೆ. ಆ ಹೆಚ್ಚುವರಿ ಇಂಧನವೂ ಸೋರಿ ಬಂದ ಗಾಳಿಯೂ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಒಟ್ಟಿಗೆ ಉರಿದುಹೋಗುತ್ತವೆ. ಹಾಗಾಗಿ ಹಿಂದಿನ ಸೆನ್ಸರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ನೀವು ಹೇಳಿದ 0.85 ಬರುವುದು ಮುಂದಿನ ಸೆನ್ಸರೇ ಸುಳ್ಳು ಹೇಳುತ್ತಿದ್ದಾಗ. ಆದ್ದರಿಂದ ಆ 0.7 ಮುಂದಿನ ಸೆನ್ಸರ್ ಚೆನ್ನಾಗಿದೆ ಎನ್ನುವುದಕ್ಕೆ ಇನ್ನೊಂದು ಪುರಾವೆ. ಸೀಲೆಂಟ್ ವಿಷಯ ನೂರಕ್ಕೆ ನೂರು ಸತ್ಯ.

ತೀರ್ಥಹಳ್ಳಿ_ಟರ್ಬೊ

ಬೇರೆ ಗ್ಯಾರೇಜಿನಲ್ಲಿ ಬಿಚ್ಚಿಸಿದೆ. ನಾಲ್ಕೂ ಪ್ಲಗ್ ಮಸಿ. ಸೋಪಿನ ನೀರು ಹಚ್ಚಿದಾಗ ಟರ್ಬೊ ಹಿಂದಿನ ಡೌನ್‌ಪೈಪ್ ಫ್ಲ್ಯಾಂಜಿನ ಕೆಳಬದಿಯಲ್ಲಿ ಗುಳ್ಳೆ ಎದ್ದಿತು, ಅಲ್ಲೇ ಕಪ್ಪು ಗೀರು ಕೂಡ ಇತ್ತು. ಹಳೆಯ ಗ್ಯಾಸ್ಕೆಟನ್ನೇ ಮತ್ತೆ ಹಾಕಿ ಕೆಂಪು ಸೀಲೆಂಟ್ ಹಚ್ಚಿದ್ದರು. ಫ್ಲ್ಯಾಂಜ್ ಕೂಡ ಸ್ವಲ್ಪ ಬಾಗಿತ್ತು. ಅದನ್ನು ಸಮತಟ್ಟು ಮಾಡಿಸಿ ಹೊಸ ಸ್ಟೀಲ್ ಗ್ಯಾಸ್ಕೆಟ್, ಹೊಸ ನಟ್ಟು ಹಾಕಿಸಿದೆ. ಸೆನ್ಸರ್ ತುದಿ ಬಿಳಿಯಾಗಿರಲಿಲ್ಲ.

ಈಗ ಐಡ್ಲಿಂಗ್‌ನಲ್ಲಿ +7, 2,500ರಲ್ಲಿ +3. ದೀಪ ಆರಿದೆ. ಒಂದೇ ಗೇರಿನಲ್ಲಿ ಒತ್ತಿದರೆ ಹಿಂಜರಿಕೆಯೇ ಇಲ್ಲ, ತುಂಬಾ ಸಂತೋಷವಾಯಿತು. ಆದರೆ ಜೋರಾಗಿ ಹೋಗುವಾಗ ಗೇರ್ ಬದಲಿಸಿದ ತಕ್ಷಣ ಮಾತ್ರ ಇನ್ನೂ ಒಂದು ತಡವರಿಕೆ ಇದೆ, ಸೈಲೆನ್ಸರಿನಿಂದ ಸ್ವಲ್ಪ ಕಪ್ಪು ಹೊಗೆಯೂ ಬರುತ್ತದೆ.

ಹುಬ್ಬಳ್ಳಿ_ಪಾನಾ

ಇದು ಎರಡನೆಯ ತೊಂದರೆ, ಮೊದಲನೆಯದರ ಕೆಳಗೆ ಅಡಗಿತ್ತು. ಬ್ಲೋ-ಆಫ್ ವಾಲ್ವ್ ನೋಡಿ. ನಿಮ್ಮ ಗಾಡಿ ಎಂಎಎಫ್ ಅಳತೆಯ ಮೇಲೆ ಇಂಧನ ಕೊಡುವ ಗಾಡಿ. ಗೇರ್ ಬದಲಿಸಲು ಕಾಲು ತೆಗೆದಾಗ, ಆಗಲೇ ಅಳೆದು ಒಳಗೆ ಬಿಟ್ಟ ಗಾಳಿಯನ್ನು ಆ ವಾಲ್ವ್ ಬೀದಿಗೆ ಚೆಲ್ಲುತ್ತದೆ. ಇಸಿಯು ಮಾತ್ರ ಆ ಗಾಳಿ ಸಿಲಿಂಡರಿಗೆ ಬರುತ್ತದೆಂದು ಅದಕ್ಕೆ ತಕ್ಕ ಇಂಧನ ಕೊಟ್ಟುಬಿಡುತ್ತದೆ. ಆ ಕ್ಷಣಕ್ಕೆ ಮಿಶ್ರಣ ರಿಚ್, ಅದೇ ಕಪ್ಪು ಹೊಗೆ. ಕಂಪನಿ ಕೊಟ್ಟಿದ್ದ ವಾಲ್ವ್ ಆ ಗಾಳಿಯನ್ನು ಎಂಎಎಫ್ ದಾಟಿದ ಮೇಲಿನ ಪೈಪಿಗೆ, ಟರ್ಬೊಗಿಂತ ಮೊದಲಿನ ಜಾಗಕ್ಕೆ, ವಾಪಸ್ ಕೊಡುತ್ತಿತ್ತು. ಅದನ್ನೇ ಮತ್ತೆ ಹಾಕಿಸಿ. ಸ್ಪ್ರಿಂಗ್ ಮೆತ್ತಗಿರುವ ಬ್ಲೋ-ಆಫ್ ವಾಲ್ವ್ ಐಡ್ಲಿಂಗ್‌ನಲ್ಲಿ ಸ್ವಲ್ಪ ತೆರೆದೇ ಇದ್ದು ಗಾಳಿ ಎಳೆಯುವುದೂ ಉಂಟು. ಉಳಿದ +7ರಲ್ಲಿ ಒಂದು ಪಾಲು ಅದರದ್ದಿರಬಹುದು.

ಮಸಿ ಹಿಡಿದ ಪ್ಲಗ್‌ಗಳನ್ನು ಬದಲಿಸಿ, ಗ್ಯಾಪ್ ಎಷ್ಟಿರಬೇಕೆಂದು ಟ್ಯೂನ್ ಮಾಡಿದವರನ್ನು ಕೇಳಿ. ಬೂಸ್ಟ್ ಹೆಚ್ಚಿದ ಗಾಡಿಯಲ್ಲಿ ಅಗಲ ಗ್ಯಾಪ್ ಇದ್ದರೆ ಕಿಡಿ ನಂದಿ ಮಿಸ್ಸಿಂಗ್ ಹೊಡೆಯುತ್ತದೆ, ಉರಿಯದ ಆಮ್ಲಜನಕ ಹೊರಬಂದು ಸೆನ್ಸರ್ ಮತ್ತೆ ಲೀನ್ ಎನ್ನುತ್ತದೆ. ಕೋನ್ ಫಿಲ್ಟರ್ ಎಣ್ಣೆ ಹಚ್ಚುವ ಬಗೆಯದಾಗಿದ್ದರೆ ಎಂಎಎಫ್ ಕ್ಲೀನರಿನಿಂದ ಆ ಸೆನ್ಸರನ್ನೂ ತೊಳೆಸಿ.

ಇಷ್ಟಾದ ಮೇಲೆ ಸ್ಕ್ಯಾನರಿನಲ್ಲಿ ಫ್ಯುಯೆಲ್ ಅಡಾಪ್ಟೇಶನ್ (ಇಸಿಯು ಕಲಿತ ಹಳೆಯ ತಿದ್ದುಪಡಿ) ಅಳಿಸಿ, ಒಂದೆರಡು ದಿನ ಊರಿನೊಳಗೂ ಹೆದ್ದಾರಿಯಲ್ಲೂ ಸಾಮಾನ್ಯವಾಗಿ ಓಡಿಸಿ, ಆಮೇಲೆ ಘಾಟಿಯಲ್ಲಿ ಮೂರನೇ ಗೇರಿನ ಲಾಗ್ ತೆಗೆಯಿರಿ: ಆರ್‌ಪಿಎಂ, ಲ್ಯಾಂಬ್ಡಾ (ಗಾಳಿ-ಇಂಧನ ಅನುಪಾತ), ಎಂಎಎಫ್, ಶಾರ್ಟ್ ಟರ್ಮ್ ಮತ್ತು ಲಾಂಗ್ ಟರ್ಮ್ ಎರಡೂ ಟ್ರಿಮ್. ಹೊಸ ಮ್ಯಾಪ್ ಬೇಕೋ ಬೇಡವೋ ಎಂದು ಆ ಲಾಗ್ ನೋಡಿ ಹೇಳುತ್ತೇನೆ. ಇಲ್ಲೇ ಹಾಕಿ.