ಸಹಾಯ ಬೇಕು: ಮೇದೋಜೀರಕ ಗ್ರಂಥಿಯ ದೀರ್ಘಕಾಲದ ಉರಿಯೂತ ಮತ್ತು ಕೊಬ್ಬು ಜೀರ್ಣವಾಗದ ತೊಂದರೆ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ ಕ್ರಾನಿಕ್ ಪ್ಯಾಂಕ್ರಿಯಾಟೈಟಿಸ್ ಇದ್ದು, ಈಚಿನ ಸ್ಕ್ಯಾನ್‌ನಲ್ಲಿ ಗ್ರಂಥಿಯೊಳಗೆ ಕಲ್ಲುಗಳಿರುವುದೂ ನಾಳ ಹಿಗ್ಗಿರುವುದೂ ಕಂಡುಬಂದಿದೆ. ಅವನು ಕುಡಿಯುವವನಲ್ಲ; ದಕ್ಷಿಣ ಭಾರತದಲ್ಲಿ ಮದ್ಯ ಮುಟ್ಟದ ಯುವಕರಲ್ಲೂ ಈ ಕಲ್ಲುಗಟ್ಟುವ ಕಾಯಿಲೆ ಕಾಣಿಸಿಕೊಳ್ಳುತ್ತದೆ ಎಂದು ನೆಂಟರಿಗೆ ವಿವರಿಸಿ ಸಾಕಾಗಿದೆ. ಆದರೆ ಬೀಡಿ ಬಿಟ್ಟಿಲ್ಲ, ಜೊತೆಗೆ ಸಕ್ಕರೆ ಕಾಯಿಲೆಯೂ ಬಂದಿದೆ.

ಆಹಾರವನ್ನು ಜೀರ್ಣಿಸುವ ಕಿಣ್ವಗಳನ್ನು (ಎಂಜೈಮ್) ಗ್ರಂಥಿ ಸ್ರವಿಸುವ ಶಕ್ತಿ ಸುಮಾರು ಶೇ. 90ರಷ್ಟು ಕುಂದಿದ ಮೇಲೆಯೇ ಸಾಮಾನ್ಯವಾಗಿ ಮಲದಲ್ಲಿ ಜಿಡ್ಡು ಎದ್ದು ಕಾಣುತ್ತದೆ ಎಂದೂ, ಕಲ್ಲು, ಹಿಗ್ಗಿದ ನಾಳ, ಧೂಮಪಾನ, ಮಧುಮೇಹ, ಕಾಯಿಲೆಯ ದೀರ್ಘ ಅವಧಿ, ಗ್ರಂಥಿಯ ಭಾಗವನ್ನು ತೆಗೆಯುವ ಶಸ್ತ್ರಚಿಕಿತ್ಸೆ ಇವೆಲ್ಲ ಆ ಅಪಾಯದೊಂದಿಗೆ ತಳಕು ಹಾಕಿಕೊಂಡಿವೆ ಎಂದೂ ವೈದ್ಯರು ತಿಳಿಸಿದ್ದಾರೆ. ಅವನ ಮಲ ಈಗ ಮಸುಕಾಗಿ, ಎಣ್ಣೆ ಸವರಿದಂತೆ ತೇಲುತ್ತದೆ, ಎಷ್ಟು ನೀರು ಸುರಿದರೂ ಬೇಸಿನ್‌ಗೆ ಅಂಟಿಕೊಂಡಿರುತ್ತದೆ. ಊಟ ಮೊದಲಿನಷ್ಟೇ ಇದ್ದರೂ ತೂಕ ಇಳಿಯುತ್ತಿದೆ.

ಮಲದ ಎಲಾಸ್ಟೇಸ್ ಪರೀಕ್ಷೆಯಲ್ಲಿ (ಮೇದೋಜೀರಕದ ಒಂದು ಕಿಣ್ವ ಮಲದಲ್ಲಿ ಎಷ್ಟಿದೆ ಎಂದು ಅಳೆಯುವ ಪರೀಕ್ಷೆ; ಕಡಿಮೆ ಬಂದರೆ ಕಿಣ್ವದ ಕೊರತೆಯ ಸೂಚನೆ) ಪ್ರತಿ ಗ್ರಾಂಗೆ 200 ಮೈಕ್ರೋಗ್ರಾಂಗಿಂತ ಕಡಿಮೆ ಬಂದವರು, ಕಿಣ್ವದ ಕ್ಯಾಪ್ಸೂಲ್‌ಗಳನ್ನು ಊಟದ ಜೊತೆಗೆ ಹೇಗೆ ಹೊಂದಿಸಿಕೊಂಡಿರಿ, ಕೊಬ್ಬಿನ ಜೊತೆಗೇ ದೇಹಕ್ಕೆ ಸೇರುವ ಎ, ಡಿ, ಇ, ಕೆ ವಿಟಮಿನ್‌ಗಳ ಕೊರತೆಯನ್ನು ಎಷ್ಟು ದಿನಕ್ಕೊಮ್ಮೆ ನೋಡಿಸುತ್ತೀರಿ ಎಂಬುದನ್ನು ದಯವಿಟ್ಟು ತಿಳಿಸಿ. ಬೀಡಿ ಬಿಡಿಸಿದ ಅನುಭವವಿದ್ದರೆ ಅದೂ ಬೇಕು. ಮನೆಮದ್ದಿನ ಸಲಹೆಗಳು ಮಾತ್ರ ಬೇಡ. ಚಿಕಿತ್ಸೆಯ ತೀರ್ಮಾನವನ್ನು ವೈದ್ಯರೊಂದಿಗೇ ಮಾಡುತ್ತೇವೆ.