ಸಂಜೆ ಐದಾದರೆ ಕುರುಕಲು, ರಾತ್ರಿ ಊಟ ಆದಮೇಲೆ ಸಿಹಿ: ಶುಗರ್ ಇರೋರ ಬಾಯಿ ಚಪಲಕ್ಕೆ ಏನು ಮಾಡೋದು?

ಹಾಸನ_ಮಲ್ಲಿಗೆ:
ಅಮ್ಮನಿಗೆ 58 ವರ್ಷ, ಟೈಪ್ 2 ಶುಗರ್, ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ರಕ್ತಪರೀಕ್ಷೆ) 8.4. ಬೆಳಿಗ್ಗೆ ತಿಂಡಿಗೆ ಮುಂಚೆ ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಸೇರಿದ ಮಾತ್ರೆ, ರಾತ್ರಿ ಬರೀ ಮೆಟ್‌ಫಾರ್ಮಿನ್. ಎಂಟಕ್ಕೆ ಮೂರು ಇಡ್ಲಿ ಇಲ್ಲಾ ಉಪ್ಪಿಟ್ಟು, 12.30ಕ್ಕೆ ಅನ್ನ ಸಾರು, ರಾತ್ರಿ ಒಂಬತ್ತಕ್ಕೆ ಮುದ್ದೆ. ಐದು ಗಂಟೆಗೆ ಕೈಕಾಲು ಆಡದಷ್ಟು ಹಸಿವು ಅಂತಾರೆ. ನಾಲ್ಕು ಮಾರಿ ಬಿಸ್ಕತ್ತು, ಆಮೇಲೆ ಖಾರ, ಕೋಡುಬಳೆ. ರಾತ್ರಿ ಊಟ ಆದಮೇಲೆ ಚೂರು ಬೆಲ್ಲವಾದರೂ ಬೇಕು. ಡಬ್ಬ ಬಚ್ಚಿಟ್ಟರೆ ಜಗಳ. ಏನು ಬದಲಾಯಿಸಬೇಕು?

ಶುಗರ್_ಕ್ಲಿನಿಕ್_ಸಿಸ್ಟರ್:
ಮೊದಲು ಅದು ಚಪಲವೋ ಲೋ ಶುಗರೋ ತಿಳಿಯಬೇಕು ಮೇಡಂ. ಗ್ಲಿಮೆಪಿರೈಡ್ ಹೊಟ್ಟೆಯಲ್ಲಿ ಊಟ ಇದ್ದರೂ ಇಲ್ಲದಿದ್ದರೂ ಶುಗರ್ ಇಳಿಸೋ ಇನ್ಸುಲಿನ್ ಹೊರಡಿಸುತ್ತೆ. 12.30ಕ್ಕೆ ಉಂಡವರಿಗೆ ಐದಕ್ಕೆ ನಡುಕ, ಬೆವರು, ಎದೆ ಡವಗುಟ್ಟೋದು ಇದ್ದರೆ ಬೈಯುವ ವಿಷಯವೇ ಅಲ್ಲ. ಆ ಹೊತ್ತಿಗೆ ಗ್ಲೂಕೋಮೀಟರಲ್ಲಿ ನೋಡಿ. ಕೈ ಸೋಪಲ್ಲಿ ತೊಳೆದು ಒರೆಸಿಕೊಂಡೇ ಚುಚ್ಚಬೇಕು. ಬೆರಳಿಗೆ ಬಾಳೆಹಣ್ಣು, ಬೆಲ್ಲ ಅಂಟಿದ್ದರೆ ಮೀಟರ್ ಸುಳ್ಳು ಹೇಳುತ್ತೆ.

70ಕ್ಕಿಂತ ಕಡಿಮೆ ಇದ್ದರೆ ಮೂರು ಟೀ ಚಮಚ, ಅಂದರೆ ಸುಮಾರು 15 ಗ್ರಾಂ, ಗ್ಲೂಕೋಸ್ ಪುಡಿ ನೀರಲ್ಲಿ ಕದಡಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ ಅಷ್ಟೇ ಕೊಡಿ. 70 ದಾಟಿದ ಮೇಲೆ ಮುಂದಿನ ಊಟ ದೂರ ಇದ್ದರೆ ಒಂದು ಚಪಾತಿಯಷ್ಟು ಏನಾದರೂ ತಿನ್ನಲಿ. ಪೇಡ, ಚಾಕೊಲೇಟ್ ಆ ಹೊತ್ತಿಗೆ ಉಪಯೋಗವಿಲ್ಲ, ಕೊಬ್ಬಿನಿಂದಾಗಿ ಸಕ್ಕರೆ ರಕ್ತಕ್ಕೆ ತಡವಾಗಿ ಸೇರುತ್ತೆ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ಆಸ್ಪತ್ರೆಗೆ ಓಡಿ.

ಮಾತ್ರೆಯ ಪಟ್ಟಿ ಮೇಲೆ ವೋಗ್ಲಿಬೋಸ್ ಅಂತ ಇದೆಯಾ ನೋಡಿ. ಇದ್ದರೆ ಲೋ ಆದಾಗ ಅಡುಗೆಮನೆ ಸಕ್ಕರೆ ಬೇಗ ಕೆಲಸ ಮಾಡಲ್ಲ. ಸಕ್ಕರೆಯನ್ನು ಕರುಳಲ್ಲಿ ಒಡೆಯೋದನ್ನೇ ಆ ಮದ್ದು ತಡೆಯುತ್ತೆ. ಸಾದಾ ಗ್ಲೂಕೋಸ್ ಪುಡಿಯೇ ಬೇಕು. ಇದು ಎಷ್ಟೋ ಮನೆಯವರಿಗೆ ಗೊತ್ತೇ ಇರಲ್ಲ.

ಒಂದು ವಾರದ ಐದು ಗಂಟೆ ರೀಡಿಂಗ್ ಬರೆದು ಡಾಕ್ಟರಿಗೆ ತೋರಿಸಿ. ಮಾತ್ರೆ ನೀವೇ ಕಡಿಮೆ ಮಾಡಬೇಡಿ.

ಪಥ್ಯದ_ಲೆಕ್ಕ:
ಸಿಸ್ಟರ್ ಹೇಳಿದ್ದು ಮೊದಲು ಆಗಲಿ. ರೀಡಿಂಗ್ 110, 150 ಹೀಗೆ ಬಂದರೆ ತಪ್ಪು ಇರೋದು ಸಂಜೆಯಲ್ಲಲ್ಲ, ಬೆಳಿಗ್ಗೆಯ ತಟ್ಟೆಯಲ್ಲಿ. ಇಡ್ಲಿ ಚಟ್ನಿ, ಉಪ್ಪಿಟ್ಟು, ಅನ್ನ ತಿಳಿಸಾರು: ಇಡೀ ದಿನ ಪ್ರೋಟೀನ್ ಎಲ್ಲಿದೆ? ಅದಿಲ್ಲದ ಊಟ ಬೇಗ ಕರಗುತ್ತೆ, ಸಂಜೆಗೆ ಹೊಟ್ಟೆ ಕೂಗುತ್ತೆ.

ಬೆಳಿಗ್ಗೆ ಎರಡು ಇಡ್ಲಿ ಸಾಕು, ಜೊತೆಗೆ ಗಟ್ಟಿ ಬೇಳೆ ಸಾಂಬಾರ್ ಒಂದು ಬಟ್ಟಲು, ತಿನ್ನೋರಾದರೆ ಒಂದು ಮೊಟ್ಟೆ. ಇಲ್ಲಾ ಹೆಸರುಬೇಳೆ ದೋಸೆ ಎರಡು. ಮಧ್ಯಾಹ್ನ ಬಡಿಸೋ ಕ್ರಮ ಬದಲಿಸಿ: ಮೊದಲು ಕೋಸಂಬರಿ, ಪಲ್ಯ, ಕಾಳು ಮುಗಿಯಲಿ, ಅನ್ನ ಕೊನೆಗೆ ಬರಲಿ. ಅದೇ ಊಟವನ್ನೇ ಈ ಕ್ರಮದಲ್ಲಿ ಉಂಡರೂ ಊಟದ ನಂತರದ ಶುಗರ್ ಅಷ್ಟು ಏರಲ್ಲ.

ಸಂಜೆಯದನ್ನು ಐದಕ್ಕೆ ಬದಲು ನಾಲ್ಕಕ್ಕೇ ಕೊಡಿ. ಹಸಿವು ತಲೆಗೇರಿದ ಮೇಲೆ ಯಾರ ಮಾತೂ ನಡೆಯಲ್ಲ! ಬೇಯಿಸಿದ ಕಡಲೆಕಾಯಿ ಬೀಜ ಒಂದು ಹಿಡಿ, ಮೊಳಕೆ ಹೆಸರುಕಾಳಿನ ಉಸಲಿ ಮುಕ್ಕಾಲು ಬಟ್ಟಲು, ಹುರಿಗಡಲೆ 30 ಗ್ರಾಂ, ಇವುಗಳಲ್ಲಿ ಯಾವುದಾದರೂ ಒಂದು. ಮೇಲೆ ಒಂದು ಲೋಟ ಮಜ್ಜಿಗೆ. ಕುರುಕಲೇ ಬೇಕು ಅಂದರೆ ಹುರಿಗಡಲೆಗೆ ಅರ್ಧ ಚಮಚ ಎಣ್ಣೆಯಲ್ಲಿ ಕರಿಬೇವು, ಬೆಳ್ಳುಳ್ಳಿ, ಇಂಗು, ಅಚ್ಚಖಾರದ ಒಗ್ಗರಣೆ ಕೊಡಿ. ಪುರಿ, ತೆಳು ಅವಲಕ್ಕಿ ಹಗುರ ಅಂತ ಅನಿಸುತ್ತೆ ಅಷ್ಟೆ, ಶುಗರ್ ಬೇಗ ಏರಿಸುತ್ತೆ. ನಾಲ್ಕು ಮಾರಿ ಅಂದರೆ ಹೆಚ್ಚುಕಮ್ಮಿ 18 ಗ್ರಾಂ ಕಾರ್ಬ್ (ಶುಗರ್ ಏರಿಸೋ ಪಿಷ್ಟ, ಸಕ್ಕರೆ), ಅದೂ ಮೈದಾ. ಒಂದು ಚಪಾತಿ ತಿಂದಂತೆ, ಹೊಟ್ಟೆ ಮಾತ್ರ ತುಂಬಲ್ಲ.

ಮತ್ತೆ ಡಬ್ಬ ಬಚ್ಚಿಡಬೇಡಿ, ಕದ್ದು ತಿಂದದ್ದಕ್ಕೆ ಲೆಕ್ಕ ಸಿಗಲ್ಲ. ಕೋಡುಬಳೆ ಭಾನುವಾರ ಎರಡು ಅಂತ ಮಾತಾಡಿಕೊಂಡು ತಟ್ಟೆಗೆ ಹಾಕಿಯೇ ಕೊಡಿ.

ಹಾಸನ_ಮಲ್ಲಿಗೆ:
ವೋಗ್ಲಿಬೋಸ್ ಇಲ್ಲ, ನೋಡಿದೆ. ಮುದ್ದೆ ಎಷ್ಟು ತಿಂದರೂ ಪರವಾಗಿಲ್ಲ ಅಂತ ಊರಲ್ಲೆಲ್ಲ ಹೇಳ್ತಾರಲ್ಲ, ನಿಜವಾ? ಹಬ್ಬಕ್ಕೆ ಒಂದಾದರೂ ಹೋಳಿಗೆ ಕೊಡಬಹುದಾ? ಬೆಲ್ಲದ್ದೇ ಮಾಡೋದು.

ಪಥ್ಯದ_ಲೆಕ್ಕ:
ಬೆಲ್ಲ, ಸಕ್ಕರೆ, ಜೇನು, ಶುಗರಿಗೆ ಮೂರೂ ಒಂದೇ. ಬೆಲ್ಲದಲ್ಲಿರೋ ಕಬ್ಬಿಣಾಂಶಕ್ಕೆ ಆಸೆಪಟ್ಟು ತಿನ್ನೋ ಬದಲು ಸೊಪ್ಪು ತಿನ್ನಲಿ.

ಮುದ್ದೆ: 100 ಗ್ರಾಂ ರಾಗಿಹಿಟ್ಟಲ್ಲಿ ಸುಮಾರು 67 ಗ್ರಾಂ ಕಾರ್ಬ್, ಅಕ್ಕಿಯಲ್ಲಿ 78ರ ಹತ್ತಿರ. ನಾರು ರಾಗಿಯಲ್ಲಿ ಜಾಸ್ತಿ, ಅದು ನಿಜ. ಆದರೆ ನುಣ್ಣಗೆ ಬೀಸಿ, ಮೆತ್ತಗೆ ಬೇಯಿಸಿ, ಅಗಿಯದೆ ನುಂಗೋದರಿಂದ ಆ ಲಾಭ ಅರ್ಧ ಹೋಗುತ್ತೆ. ಒಮ್ಮೆ ಹಿಟ್ಟು ತೂಗಿ ನೋಡಿ: 50 ಗ್ರಾಂ ಹಿಟ್ಟಿನ ಒಂದೇ ಮುದ್ದೆ, ಜೊತೆಗೆ ಬಸ್ಸಾರಿನ ಸೊಪ್ಪು ಕಾಳಿನ ಪಲ್ಯ ಧಾರಾಳ. ಊಟ ಒಂಬತ್ತರ ಬದಲು 7.30ಕ್ಕೆ, ಆದಮೇಲೆ ಮನೆ ಮುಂದೆಯೇ 15 ನಿಮಿಷ ಓಡಾಟ. ರಾತ್ರಿಯ ಸಿಹಿ ಬಯಕೆ ಬಹುಪಾಲು ಅಭ್ಯಾಸ. ಎರಡು ಏಲಕ್ಕಿ ಕಾಳು, ಹುರಿದ ಸೋಂಪು, ಇಲ್ಲಾ ಒಂದೆರಡು ಹೋಳು ಸೀಬೆಹಣ್ಣು ಕೊಟ್ಟು ನೋಡಿ.

ಹೋಳಿಗೆ: ಕಡಲೆಬೇಳೆ, ಬೆಲ್ಲ, ಮೈದಾ ತಲಾ 200 ಗ್ರಾಂ ಹಾಕಿ ಹತ್ತು ತಟ್ಟಿದರೆ ಒಂದೊಂದರಲ್ಲಿ ಬೆಲ್ಲದಿಂದ 18, ಮೈದಾದಿಂದ 15, ಬೇಳೆಯಿಂದ 9, ಒಟ್ಟು 42 ಗ್ರಾಂ ಕಾರ್ಬ್. ಅಂದರೆ ಒಂದು ಬಟ್ಟಲು ಅನ್ನ. ಕೊಡಿ, ಆದರೆ ಅನ್ನದ ಬದಲಿಗೆ ಕೊಡಿ, ಅನ್ನದ ಮೇಲೆ ಅಲ್ಲ. ತುಪ್ಪ ಒಂದು ಚಮಚ ಇರಲಿ, ಕಾಯಿಹಾಲು ಬೇಡ. ಮಧ್ಯಾಹ್ನವೇ ಆಗಲಿ, ಕೋಸಂಬರಿ ಪಲ್ಯ ಆದಮೇಲೆ.

ಶುಗರ್_ಕ್ಲಿನಿಕ್_ಸಿಸ್ಟರ್:
ಇದಕ್ಕೆ ಒಂದು ಸೇರಿಸ್ತೀನಿ. ಹೋಳಿಗೆ ತಿನ್ನೋದಿದೆ ಅಂತ ಬೆಳಿಗ್ಗೆ ಉಪವಾಸ ಇರಿಸಬೇಡಿ, ಗ್ಲಿಮೆಪಿರೈಡ್ ತಗೊಂಡು ತಿಂಡಿ ಬಿಟ್ಟರೆ ಹನ್ನೊಂದಕ್ಕೇ ಲೋ ಆಗಬಹುದು. ಮೊದಲ ತುತ್ತು ಇಟ್ಟ ಎರಡು ಗಂಟೆಗೆ ಚುಚ್ಚಿ ನೋಡಿ. 180ರ ಒಳಗಿದ್ದರೆ ಆ ಅಳತೆ ಸರಿ, ದಾಟಿದ್ದರೆ ಮುಂದಿನ ಹಬ್ಬಕ್ಕೆ ಅರ್ಧ.