ಅಪ್‌ಡೇಟ್: ತಂಗಿಯ ಮೂಳೆ ಸವೆತಕ್ಕೆ ಕಾರಣ ಪಿಟ್ಯುಟರಿ ಗ್ರಂಥಿ

ತಂಗಿಗೆ ಇನ್ನೂ 34, ಬೆನ್ನುನೋವು ಅಂತ ಡೆಕ್ಸಾ ಸ್ಕ್ಯಾನ್ ಮಾಡಿಸಿದ್ರೆ ಮೂಳೆ ಸಾಂದ್ರತೆ ತುಂಬಾ ಕಮ್ಮಿ ಬಂದಿದೆ ಏನ್ಮಾಡೋದು ಅಂತ ಕೇಳಿದ್ನಲ್ಲ, ಕಾರಣ ಸಿಕ್ತು. ರಾಗಿ, ಕ್ಯಾಲ್ಸಿಯಂ, ವಿಟಮಿನ್ ಡಿ ಅಂದವರ ಮಾತೂ ಕೇಳಿದ್ವಿ, ನೋವು ಹಾಗೇ ಇತ್ತು. "ಪೀರಿಯಡ್ಸ್ ನಿಂತಿದ್ರೆ ಪ್ರೊಲ್ಯಾಕ್ಟಿನ್ ನೋಡ್ಸಿ" ಅಂದ್ರಲ್ಲ ಒಬ್ರು ಅಕ್ಕ, ಅವ್ರಿಗೆ ದೊಡ್ಡ ನಮಸ್ಕಾರ. ತಂಗಿಗೂ ಪೀರಿಯಡ್ಸ್ ನಿಂತಿತ್ತು. ಪ್ರೊಲ್ಯಾಕ್ಟಿನ್ (ಎದೆಹಾಲು ಬರಿಸೋ ಹಾರ್ಮೋನ್) ರಿಪೋರ್ಟಲ್ಲಿ 142 ಬಂತು, 25ರ ಒಳಗಿರ್ಬೇಕಂತೆ.

ಎಂಡೋಕ್ರೈನ್ ಡಾಕ್ಟ್ರು ಮೊದ್ಲು ಕೇಳಿದ್ದೇ ವಾಂತಿಗೆ ಡೊಂಪೆರಿಡೋನ್ ಏನಾದ್ರೂ ತಗೋತಿದೀರಾ ಅಂತ, ಅದ್ರಿಂದಾನೂ ಪ್ರೊಲ್ಯಾಕ್ಟಿನ್ ಏರುತ್ತಂತೆ, ಥೈರಾಯ್ಡ್ ಕಮ್ಮಿ ಇದ್ರೂ ಅಷ್ಟೇ. ಎರಡೂ ಇರ್ಲಿಲ್ಲ. ಎಂಆರ್‌ಐಲಿ ಪಿಟ್ಯುಟರಿಯಲ್ಲಿ (ಮೆದುಳಿನ ಬುಡದಲ್ಲಿರೋ ಗ್ರಂಥಿ, ಪ್ರೊಲ್ಯಾಕ್ಟಿನ್ ಬರೋದು ಅಲ್ಲಿಂದಾನೇ) 6 ಮಿಮೀ ಗಡ್ಡೆ ಕಾಣಿಸ್ತು, ಕ್ಯಾನ್ಸರ್ ಅಲ್ಲ.

ನಂಗೆ ಆಶ್ಚರ್ಯ ಆಗಿದ್ದು, ಪ್ರೊಲ್ಯಾಕ್ಟಿನ್ ಜಾಸ್ತಿ ಆದ್ರೆ ಅಂಡಾಶಯಕ್ಕೆ ಸೂಚನೆ ಕೊಡೋ ಎಲ್‌ಎಚ್, ಎಫ್‌ಎಸ್‌ಎಚ್ ಹಾರ್ಮೋನ್‌ಗಳು ಇಳಿದು ಈಸ್ಟ್ರೋಜನ್ ಬಿದ್ದೋಗುತ್ತೆ, ಆಗ ಹಳೇ ಮೂಳೆ ಕರಗಿಸೋ ಜೀವಕೋಶಗಳ ಕೆಲಸ ಜೋರಾಗಿ ಹೊಸದು ಕಟ್ಟೋದು ಹಿಂದೆ ಬೀಳುತ್ತೆ.

ಆಪರೇಷನ್ ಬೇಡ ಅಂದ್ರು, ಪ್ರೊಲ್ಯಾಕ್ಟಿನ್ ಇಳಿಸೋ ಕ್ಯಾಬರ್ಗೋಲಿನ್ ಮಾತ್ರೆ ವಾರಕ್ಕೆರಡು ಸಲ, ಪ್ರೊಲ್ಯಾಕ್ಟಿನ್ ಆಗ್ಲೇ ಇಳೀತಿದೆ. ಮೂಳೆ ಮಾತ್ರ ನಿಧಾನಕ್ಕೆ ಸುಧಾರಿಸೋದು, ಪೂರ್ತಿ ಮೊದಲಿನಂತಾಗುತ್ತೆ ಅಂತ ಗ್ಯಾರಂಟಿ ಕೊಡಲಿಲ್ಲ, ವರ್ಷ ಬಿಟ್ಟು ಮತ್ತೆ ಡೆಕ್ಸಾ. ಚಿಕ್ಕ ವಯಸ್ಸಲ್ಲೇ ಪೀರಿಯಡ್ಸ್ ನಿಂತು ಮೂಳೆನೂ ವೀಕ್ ಅಂತ ಬಂದ್ರೆ ಬರೀ ಕ್ಯಾಲ್ಸಿಯಂ ನುಂಗ್ಕೊಂಡು ಕೂರಬೇಡಿ, ಈ ಪ್ರೊಲ್ಯಾಕ್ಟಿನ್ ಟೆಸ್ಟ್ ಕೇಳಿ ಮಾಡಿಸ್ಕೊಳ್ಳಿ.